ಎಡಗಡೆಯ ಸ್ಟೇರಿಂಗು

“ಆಲ್ಫಾ ರೋಮಿಯೋ ಸ್ಟೇರಿಂಗ್ ಹಿಡಿದ್ರೆ ಹಾಡು ಹಿಡ್ದಂಗೆ, ಪೋರ್ಷೆ ಸ್ಟೇರಿಂಗ್ ಹಿಡಿದ್ರೆ ಸತ್ಯ ಹಿಡ್ದಂಗೆ ಕಣ್ರೀ” ಎಂದು ಸುಬ್ರಮಣಿ ಸಹಕಾರನಗರದ ಪಾರ್ಕಿನಲ್ಲಿ ಘೋಷಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲವಾಯಿತು.

ಯುರೋಪಿನ ಹಳೆಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳೆಂದರೆ ವಿಮಾ ಕಚೇರಿಯ ಗುಮಾಸ್ತ ಸುಬ್ರಮಣಿಗೆ ದೇವರ ಸಮಾನ. ಫುಟ್‌ಪಾತಿನಲ್ಲಿ ಕೊಂಡ ವಿದೇಶಿ ಪತ್ರಿಕೆಗಳನ್ನು ಪಾರಾಯಣ ಮಾಡಿ, ಯಾವ ಕಾರು ತಿರುವಿನಲ್ಲಿ ಹೇಗೆ ವಾಲುತ್ತದೆ, ಯಾವುದರ ಕ್ಲಚ್ ಮೊಂಡು, ಯಾವುದರ ಗೇರು ಬೆಣ್ಣೆ ಎಂದು ಅವನು ಬಣ್ಣಿಸತೊಡಗಿದರೆ, ವಾಕಿಂಗಿಗೆ ಬಂದವರು ನಡೆಯುವುದನ್ನೇ ಮರೆತು ನಿಲ್ಲುತ್ತಿದ್ದರು. ತನಗೆ ಕಾರು ಓಡಿಸಲು ಬರುವುದಿಲ್ಲ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಸೈಟು ದಲ್ಲಾಳಿ ಮಹೇಂದ್ರ ಗೇಟು ಬಡಿದ. ಹಿಂದೆ ಒಂದು ಜೀಪು ನಿಂತಿತ್ತು.

“ಗುರೂ, ಪ್ಯಾಂಟ್ ಹಾಕ್ಕೊ, ಚಿಕ್ಕಜಾಲಕ್ಕೆ ಹೋಗ್ಬೇಕು. ಅಲ್ಲಿ ಲೇಔಟ್ ಮಾಡ್ಸವ್ರಲ್ಲ ಬ್ಯಾಟರಾಯಪ್ಪನೋರು, ನಿನ್ನ ಕರ್ಕೊಂಬಾ ಅಂದವ್ರೆ.”

“ಯಾಕೋ?”

“ಅಣ್ಣ ತಮ್ಮ ಪಾಲಾಗ್ತಾವ್ರೆ. ದೊಡ್ಡೋನು ಪಾಲು ಮಾಡ್ಬೇಕು, ಚಿಕ್ಕೋನು ಆರಿಸ್ಕೋಬೇಕು, ಅದು ಅವ್ರ ಮನೆ ಪದ್ಧತಿ. ಜಮೀನೆಲ್ಲ ಮುಗೀತು, ಎರಡು ಕಾರು ಉಳ್ಕೊಂಡಿದೆ. ಯಾರೋ ಬಿಳಿ ದೊರೆ ಬಿಟ್ಟೋದ ಬಂಗ್ಲೆ ಕೊಂಡಾಗ ಷೆಡ್ಡಲ್ಲಿ ಸಿಕ್ಕಿದ್ವಂತೆ. ಒಂದು ಆಲ್ಫಾ, ಒಂದು ಪೋರ್ಷೆ. ನಿನ್ನ ಪಾರ್ಕಿನ ಮಾತು ಅವ್ರಿಗೆ ನಾನೇ ಹೇಳ್ದೆ. ಯಾವ್ದು ಮೇಲು ಅಂತ ನೀನು ಓಡ್ಸಿ ಹೇಳ್ಬೇಕು.”

ಸುಬ್ರಮಣಿಯ ಜೀವ ಬಾಯಿಗೆ ಬಂತು. ಓಡಿಸುವುದೇ? ಇವತ್ತಿಗೆ ತನ್ನ ಮಾನ ಹರಾಜು, ನಾಳೆಯಿಂದ ಪಾರ್ಕಿನಲ್ಲಿ ತಲೆ ಎತ್ತುವ ಹಾಗಿಲ್ಲ. ಹೊಟ್ಟೆನೋವೆಂದು ಹೇಳಿ ಮಲಗಿಬಿಡೋಣ ಎನ್ನಿಸಿತು. ಆದರೆ ನಿಜವಾದ ಆಲ್ಫಾ! ನಿಜವಾದ ಪೋರ್ಷೆ! ಕಣ್ಣಿನಿಂದಲಾದರೂ ನೋಡಬಹುದಲ್ಲ ಎಂಬ ಆಸೆಗೆ ಕಾಲುಗಳು ತಾವಾಗಿಯೇ ಹೋಗಿ ಜೀಪು ಹತ್ತಿದವು.

ಬ್ಯಾಟರಾಯಪ್ಪನ ಲೇಔಟಿನಲ್ಲಿ ಟಾರು ರಸ್ತೆ, ಮೋರಿ, ಬೀದಿದೀಪ ಎಲ್ಲವೂ ಇದ್ದು ಮನೆಗಳು ಮಾತ್ರ ಇರಲಿಲ್ಲ. ನಡುವೆ ಚೆಂಡುಹೂವಿನ ಹಾರ ಹಾಕಿಕೊಂಡು ಎರಡು ಕಾರುಗಳು ನಿಂತಿದ್ದವು. ಕೆಂಪು ಆಲ್ಫಾ ಯಾವ ಗಳಿಗೆಯಲ್ಲಾದರೂ ನಕ್ಕುಬಿಡುವಂತಿತ್ತು. ಬೆಳ್ಳಿ ಬಣ್ಣದ ಪೋರ್ಷೆಯ ಬೆನ್ನು ಛಾವಣಿಯಿಂದ ಬಂಪರಿನವರೆಗೆ ಒಂದೇ ಗೆರೆಯಲ್ಲಿ ಇಳಿದಿತ್ತು. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ನೋಡಿದ್ದ ಗೆರೆ ಅದು. ಸುಬ್ರಮಣಿ ತನಗೇ ಗೊತ್ತಿಲ್ಲದೆ ಚಪ್ಪಲಿ ಬಿಟ್ಟು ನಿಂತಿದ್ದ.

“ಬನ್ನಿ ಸಾರ್. ನೀವ್ ಏಳಿದ್ದೇ ಆಖೈರು” ಎಂದು ಅಣ್ಣ ಬ್ಯಾಟರಾಯಪ್ಪ ಕೈಮುಗಿದ. ತಮ್ಮ ಚನ್ನಕೇಶವ ಪಕ್ಕಕ್ಕೆ ಸರಿದು ಬಂದು, “ಸಾರ್, ಒಳ್ಳೇದು ಯಾವ್ದು ಅಂತ ನನ್ ಕಿವೀಗೆ ಮೊದ್ಲು ಏಳಿ” ಎಂದು ಪಿಸುಗುಟ್ಟಿದ.

ಕಾರುಗಳನ್ನು ರಿಪೇರಿ ಮಾಡಿದ ಯಶವಂತಪುರದ ಮೆಕ್ಯಾನಿಕ್ ಖುರ್ಷೀದ್ ಆಲ್ಫಾದ ಇಂಜಿನ್ ಚಾಲೂ ಮಾಡಿ ಇಳಿದ. ಸುಬ್ರಮಣಿಯ ಕಣ್ಣು ಆಗಲೂ ಪೋರ್ಷೆಯ ಬೆನ್ನಿನ ಮೇಲೇ ಇತ್ತು. ಪೂಜಾರಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ಮೊದಲ ಸವಾರಿ ಮನೆಯ ಹಿರಿಯರದೆಂದು, ಸೋದರರ ತಾಯಿ ಅಕ್ಕಯ್ಯಮ್ಮ ಸೆರಗು ಹೊದ್ದು ಆಲ್ಫಾದತ್ತ ನಡೆದರು. ಎಪ್ಪತ್ತು ದಾಟಿದ, ಮಾತು ಕಡಿಮೆಯ ಹೆಂಗಸು.

ಆಗ ಸುಬ್ರಮಣಿಗೆ ಒಂದು ಉಪಾಯ ಹೊಳೆಯಿತು. ಸುಮ್ಮನೆ ಎಡಗಡೆ ಹೋಗಿ ಕೂತುಬಿಡುವುದು, ಕಣ್ಣು ಮುಚ್ಚಿ ಧ್ಯಾನಕ್ಕೆ ಇಳಿಯುವುದು. ಓಡಿಸುವ ಕರ್ಮ ಖುರ್ಷೀದನಿಗೆ ಬಿಡುವುದು. ಅವನು ಗಂಭೀರವಾಗಿ ನಡೆದು ಎಡಬಾಗಿಲು ತೆಗೆದು, ಕೂತು, ಕಣ್ಣು ಮುಚ್ಚಿದ. ಹೊರಗೆ ಗುಸುಗುಸು ಎದ್ದಿತು. ಕಣ್ಣು ಬಿಟ್ಟ. ಎದೆಗೆ ಎದುರಾಗಿ ಸ್ಟೇರಿಂಗು!

ಬಂಗಲೆಯ ಆ ಬಿಳಿ ದೊರೆ ಕಾರುಗಳನ್ನು ಯುರೋಪಿನ ತನ್ನ ದೇಶದಿಂದ ತಂದಿದ್ದ. ಅಲ್ಲಿ ಸ್ಟೇರಿಂಗು ಎಡಗಡೆ. ಈ ವಿಷಯವನ್ನು ಸುಬ್ರಮಣಿ ಪಾರ್ಕಿನಲ್ಲಿ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ.

“ವಾಹ್!” ಎಂದ ಖುರ್ಷೀದ್. “ಮೊದ್ಲ ದಿನ ನಾನೇ ಬಲಗಡೆ ಹೋಗಿ ಕೂತಿದ್ದೆ ಸಾಬ್. ಇವ್ರು ನೋಡಿ, ಸೀದಾ ಹೋದ್ರು!”

“ಎಕ್ಸ್‌ಪರ್ಟ್ ಅಂದ್ರೆ ಸುಮ್ನೆನಾ ಮಚ್ಚಾ?” ಎಂದು ಮಹೇಂದ್ರ ಎದೆಯುಬ್ಬಿಸಿದ.

ಬಲಗಡೆ ಅಕ್ಕಯ್ಯಮ್ಮ ಬಂದು ಕೂತಾಗಿತ್ತು. ಇನ್ನು ಇಳಿಯುವ ದಾರಿಯಿಲ್ಲ. ಓದಿದ್ದನ್ನೆಲ್ಲ ನೆನೆದು ಸುಬ್ರಮಣಿ ಕ್ಲಚ್ ತುಳಿದ, ಗೇರು ಎತ್ತಲೋ ತಳ್ಳಿದ, ಕಾಲು ತೆಗೆದ. ಆಲ್ಫಾ ಕಪ್ಪೆಯ ಹಾಗೆ ನೆಗೆಯಿತು. ನಾಲ್ಕು ನಿಂಬೆಹಣ್ಣೂ ಪಟಪಟನೆ ಸಿಡಿದವು. ಜನ ಚಪ್ಪಾಳೆ ತಟ್ಟಿದರು.

ಕಾರು ಮೊದಲ ಗೇರಿನಲ್ಲೇ ಗುಂಯ್‌ಗುಡುತ್ತ ಹೊರಟಿತು. ಅಂಗೈಯಲ್ಲಿ ಆ ತೆಳ್ಳನೆಯ ಸ್ಟೇರಿಂಗ್ ಚಕ್ರ ರಸ್ತೆಯ ಒಂದೊಂದು ಹರಳನ್ನೂ ಹೇಳುತ್ತಿತ್ತು. ಪತ್ರಿಕೆಯವರು ಸುಳ್ಳು ಬರೆದಿರಲಿಲ್ಲ! ಸುಬ್ರಮಣಿ ಮೈಮರೆತ. ಮೈಮರೆತವನ ಮುಂದೆ ತಿರುವು ಬಂತು, ತಿರುವಿನಾಚೆ ಜಲ್ಲಿಯ ರಾಶಿ ಕಾಣಿಸಿತು. “ಅಯ್ಯಯ್ಯೋ” ಎಂದು ಅವನು ಕೈಬಿಟ್ಟ. ಭಯಕ್ಕೋ ಏನೋ, ಅಕ್ಕಯ್ಯಮ್ಮ ಕೈ ಚಾಚಿ ಸ್ಟೇರಿಂಗನ್ನು ಬಾಚಿ ಹಿಡಿದರು. ದೇವರ ದಯೆ, ಕಾರು ನಯವಾಗಿ ತಿರುಗಿತು. ಎರಡನೆಯ ತಿರುವಿನಲ್ಲೂ ಆ ತಾಯಿ ಹೆದರಿಕೊಂಡರು, ಮೂರನೆಯದರಲ್ಲೂ. ಕೊನೆಗೆ ಕೈಗೆ ಸಿಕ್ಕ ಹ್ಯಾಂಡ್ ಬ್ರೇಕನ್ನು ಎಳೆದುಬಿಟ್ಟರು. ಆಲ್ಫಾ ಹೊರಟ ಜಾಗಕ್ಕೇ ಬಂದು ನಿಂತಿತು.

“ಗೇರೇ ಬದಲಾಯಿಸ್ಲಿಲ್ಲ ನೋಡ್ರಪ್ಪ, ಎಂಥಾ ಕಂಟ್ರೋಲು!” ಎಂದ ಬ್ಯಾಟರಾಯಪ್ಪ.

ಬೆವರಿನಲ್ಲಿ ತೊಯ್ದ ಸುಬ್ರಮಣಿ ಇನ್ನು ಸಾಕು, ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕಯ್ಯಮ್ಮ, “ಬೆಳ್ಳೀದ್ರಾಗೆ ನಾವಿಬ್ರೇ ದೊಡ್ಡ ಸುತ್ತು ಓಗ್ತೀವಿ. ನೀವೆಲ್ಲ ತಿಂಡಿ ತಿನ್ನೋಗಿ” ಎಂದರು. ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ.

ಪೋರ್ಷೆ ಕುಂಟುತ್ತ, ಕೆಮ್ಮುತ್ತ ನೀಲಗಿರಿ ತೋಪಿನ ಹಿಂದಕ್ಕೆ ಹೋಯಿತು. ಅಲ್ಲಿ ಅಕ್ಕಯ್ಯಮ್ಮ ಮತ್ತೆ ಹ್ಯಾಂಡ್ ಬ್ರೇಕ್ ಎಳೆದರು. ಈ ಸಲ ಮುಖದಲ್ಲಿ ಭಯವಿರಲಿಲ್ಲ.

“ಏನಪ್ಪಾ, ಎಂದಾದ್ರೂ ಕಾರು ಓಡ್ಸಿದ್ದೀಯಾ?”

“ಇ...ಇಲ್ಲಮ್ಮ.”

“ನಿಂಬೇಅಣ್ಣು ತುಳ್ದಾಗ್ಲೇ ಗೊತ್ತಾಯ್ತು. ಆ ಕೆಂಪುದ್ನ ಅರ್ಧ ಯಾರು ಓಡ್ಸಿದ್ದು ಅಂದ್ಕಂಡೆ? ಇಳಿ. ಈ ಕಡೆ ಬಾ.”

ಸುಬ್ರಮಣಿ ಇಳಿದ. ಅಕ್ಕಯ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗಿನ ಮುಂದೆ ಕೂತರು.

“ಈ ನೆಲ ಉತ್ತಿದ್ದು ನನ್ನ ಟ್ರ್ಯಾಕ್ಟರು, ಓಡ್ಸಿದ್ದೂ ನಾನೇ. ಈಗ ನನ್ ಮಕ್ಳು, ವಯಸ್ಸಾಯ್ತು ಅಂತ ಬೀಗದಕೈ ಮುಟ್ಟಕ್ಕೂ ಬಿಡಾಕಿಲ್ಲ. ಗಟ್ಟಿಯಾಗಿ ಇಡ್ಕೊ.”

ಬೆನ್ನ ಹಿಂದೆ ಇಂಜಿನ್ ಗರ್ಜಿಸಿತು. ಒಂದು, ಎರಡು, ಮೂರು. ಗೇರುಗಳು ಒಂದಾದ ಮೇಲೊಂದು ನಯವಾಗಿ ಬಿದ್ದವು. ಸುಬ್ರಮಣಿಯ ಬೆನ್ನು ಸೀಟಿಗೆ ಅಂಟಿತು. ತಿರುವು ಬಂತು. ಅಕ್ಕಯ್ಯಮ್ಮನ ಬಳೆ ಒಂದಿಷ್ಟು ಸದ್ದು ಮಾಡಿತು, ಅಷ್ಟೆ. ಕಾರು ನೆಲಕ್ಕೆ ಅಂಟಿಕೊಂಡೇ ತಿರುಗಿತು. ಅವನು ಓದಿದ್ದ ಒಂದು ಸಾಲೂ ಇದರ ಹತ್ತಿರಕ್ಕೆ ಬಂದಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

“ಕೆಂಪುದು ಪಳಗಿದ ಜೋಡೆತ್ತು, ಮನಸ್ಸಲ್ಲಿ ಅಂದ್ಕಂಡ್ರೆ ತಿರುಗ್ತದೆ” ಎಂದರು ಅಕ್ಕಯ್ಯಮ್ಮ. “ಇದ್ರದ್ದು ಮೂಗು ಅಗುರ, ಬಲವೆಲ್ಲ ಇಂದುಗಡೆ. ತಿರುವ್ನಾಗೆ ಎದುರಿ ಕಾಲು ಎತ್ತಿದ್ಯೋ, ಬಾಲ ಬೀಸಿ ಒಡೀತದೆ.”

ತೋಪಿನ ಹಿಂದೆ ಮತ್ತೆ ಜಾಗ ಬದಲಾಯಿಸಿಕೊಂಡು ಇಬ್ಬರೂ ಕಾರು ಕುಂಟಿಸುತ್ತ ವಾಪಸಾದರು. ಅಣ್ಣ ತಮ್ಮಂದಿರು ಇಡ್ಲಿ ಕೈಯಲ್ಲೇ ಓಡಿಬಂದರು.

“ಯಾವ್ದು ಸಾರ್ ಮೇಲು?”

“ಅದು ಒಂದಿನಕ್ಕೆ ತಿಳಿಯೋ ಇಸ್ಯ ಅಲ್ವಂತೆ” ಎಂದರು ಅಕ್ಕಯ್ಯಮ್ಮ. “ಪ್ರತಿ ಭಾನುವಾರ ಇವ್ರು ಬಂದು ನನ್ನ ಕೂರುಸ್ಕೊಂಡು ಓಡ್ಸಿ ನೋಡ್ತಾರೆ. ತೀರ್ಮಾನ ಆಗೋಗಂಟ ಎರಡೂ ಬೀಗದಕೈ ನನ್ನತ್ರ.”

ಸುಬ್ರಮಣಿಯ ಮಾನ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಪಾರ್ಕಿನಲ್ಲಿ ದುಪ್ಪಟ್ಟಾಯಿತು. ಜೋಡೆತ್ತು, ಹಗುರ ಮೂಗು, ಬೀಸುವ ಬಾಲ ಎಂದು ಅವನು ಹೇಳುತ್ತಿದ್ದರೆ ಜನ ಬಾಯಿ ಬಿಟ್ಟು ಕೇಳಿದರು. ಅವನ ಅಂಗೈ ಮಾತ್ರ ಆ ತೆಳ್ಳನೆಯ ಚಕ್ರಕ್ಕೆ ಹಾತೊರೆಯುತ್ತಿತ್ತು. ಎರಡನೆಯ ಭಾನುವಾರ ತೋಪಿನ ಹಿಂದೆ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟ.

“ಅಮ್ಮಾ, ನಂಗೂ ಸರಿಯಾಗಿ ಕಲಿಸ್ತೀರಾ?”

ಅಕ್ಕಯ್ಯಮ್ಮ ಅವನನ್ನು ಮರುಕದಿಂದ ನೋಡಿದರು.

“ಕಲಿಸ್ಬುಟ್ರೆ ನೀನು ಓಡುಸ್ತೀಯ. ಆಮೇಕೆ ನಾನೇನ್ ಮಾಡ್ಲಿ? ಇಳಿ, ಆ ಕಡೆ ಓಗಿ ಕೂತ್ಕೊ.”

ಸುಬ್ರಮಣಿ ಇಳಿದು, ಸುತ್ತಿಕೊಂಡು ಹೋಗಿ, ಬಲಗಡೆ ಕೂತ.