ಏಳು ದಿನದ ಪತ್ತೇದಾರಿ ಪಾರಾಯಣ

ಪುಸ್ತಕ ಹಿಡಿದು ಒಂದು ಕಡೆ ಕೂತವನನ್ನು ಅವನ ಪಾಡಿಗೆ ಬಿಡಬೇಕೆಂದು ಈ ಲೋಕದಲ್ಲಿ ಯಾರಿಗೂ ಏಕೆ ಅನಿಸುವುದಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ನನಗಂತೂ ಪುಸ್ತಕ ತೆರೆದಾಗಲೆಲ್ಲ ಏನಾದರೊಂದು ಆಗುತ್ತದೆ. ಅದರಲ್ಲೂ ಆ ಒಂದು ವಾರ ಆದದ್ದನ್ನು ನೆನೆದರೆ, ನನ್ನ ಹೆಂಡತಿ ಈಗಲೂ ಬಿಡಿಸುತ್ತಿದ್ದ ಸೊಪ್ಪನ್ನು ಬದಿಗಿಟ್ಟು ನಗುತ್ತಾಳೆ.

ಸರದಿ ಚೀಟಿ

ನಾವು ದೆಹಲಿಯ ದ್ವಾರಕಾದಲ್ಲಿ ಒಂದು ಹೌಸಿಂಗ್ ಸೊಸೈಟಿಗೆ ಬಂದ ಹೊಸದು. ಮೆಟ್ರೋ ಆಗಷ್ಟೇ ಶುರುವಾಗಿತ್ತು. ಅಲ್ಲಿ ಹತ್ತಿರದವರೂ ದೂರದವರೂ ಒಟ್ಟು ಒಂಬತ್ತು ಮನೆಯವರು ಸೇರಿ ಕನ್ನಡ ಓದುಗರ ಬಳಗವೊಂದನ್ನು ನಡೆಸುತ್ತಿದ್ದರು. ದೆಹಲಿಯಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗಬೇಕು? ರಜೆಯಲ್ಲಿ ಊರಿಗೆ ಹೋದವರು ಯಾರಾದರೂ ಒಂದು ಪ್ರತಿ ತರಬೇಕು. ಅದರೊಳಗೆ ಒಂದು ಚೀಟಿ ಅಂಟಿಸಿ ಒಂಬತ್ತು ಹೆಸರು ಬರೆಯುತ್ತಿದ್ದರು. ಓದಿದವರು ತಮ್ಮ ಹೆಸರಿನ ಮುಂದೆ 'ಓದಿದೆ' ಎಂದು ಸಹಿ ಹಾಕಿ ಮುಂದಿನವರಿಗೆ ಕೊಡಬೇಕು. ಒಂಬತ್ತನೆಯವರು ಮುಗಿಸಿದ ಭಾನುವಾರ ಚರ್ಚೆ.

ಒಂಬತ್ತನೆಯವನು ನಾನು.

ನನ್ನ ಓದು ನಿಧಾನ. ನಮ್ಮೂರ ಶಾಲೆಯಲ್ಲಿ ತುಟಿ ಅಲ್ಲಾಡದಿದ್ದರೆ ಹುಡುಗ ಓದುತ್ತಿಲ್ಲ ಎಂದೇ ಮೇಷ್ಟ್ರು ತಿಳಿಯುತ್ತಿದ್ದರು, ಕಿವಿ ಹಿಂಡುತ್ತಿದ್ದರು. ಹಾಗಾಗಿ ನನಗೆ ಗಟ್ಟಿಯಾಗಿ ಓದಿದರೇ ಓದಿದ ಹಾಗೆ. ಮೇಲಾಗಿ ಸ್ನಾನವಾಗದೆ ಪುಸ್ತಕ ಮುಟ್ಟುವವನಲ್ಲ. ಆಫೀಸಿನ ದಿನಗಳಲ್ಲಿ ಸ್ನಾನಕ್ಕೂ ಚಾರ್ಟರ್ಡ್ ಬಸ್ಸಿಗೂ ನಡುವೆ ಎಷ್ಟು ಪುಟ ಆದೀತು? ಎರಡು ತಿಂಗಳು ಚರ್ಚೆ ಮುಂದಕ್ಕೆ ಹೋಯಿತು.

ನಮ್ಮ ಅಧ್ಯಕ್ಷರು ನಿವೃತ್ತ ಅಧಿಕಾರಿ. ಪುಸ್ತಕವೂ ಅವರದೇ. ರಿಜಿಸ್ಟರು ತೆರೆದು ಹೇಳಿದರು: "ನೋಡಿ, ಬಳಗದಲ್ಲಿ ಎರಡು ಪಟ್ಟಿ ಇದೆ. ಒಂದು ಓದುಗರದ್ದು. ಇನ್ನೊಂದು ವ್ಯವಸ್ಥೆಯದ್ದು, ಅಂದರೆ ಜಮಖಾನ ಹಾಸೋದು, ಚಹಾ ಕೊಡೋದು. ಬರೋ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ನಾಲ್ಕು ಗಂಟೆಗೆ ಚರ್ಚೆ. ಅಷ್ಟರಲ್ಲಿ ನೀವು ಮುಗಿಸದಿದ್ದರೆ ನಿಮ್ಮ ಹೆಸರು ಈ ಪಟ್ಟಿಯಿಂದ ಆ ಪಟ್ಟಿಗೆ ಹೋಗುತ್ತೆ. ಬೇಜಾರು ಮಾಡ್ಕೋಬೇಡಿ."

ಹೌಜ್ ಖಾಸ್ ಕಡೆಯಿಂದ ಬರುತ್ತಿದ್ದ ಪ್ರೊಫೆಸರರು ನನ್ನ ಬೆನ್ನು ತಟ್ಟಿದರು. "ಬಿಡಬೇಡಿ ಇವ್ರೇ. ಅದರ ಕೊನೇ ಭಾಗ ಇದೆಯಲ್ಲ, ಅಬ್ಬಾ!" ಮಾನೇಸರದ ಕಾರ್ಖಾನೆಯಲ್ಲಿದ್ದ ಎಂಜಿನಿಯರೂ ಕಣ್ಣು ಮುಚ್ಚಿ, "ಕೊನೇ ಭಾಗ..." ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ.

ಮನೆಗೆ ಬಂದು ಹೇಳಿದರೆ ಹೆಂಡತಿ, "ಪಟ್ಟಿ ಯಾವುದಾದರೂ ಇರಲಿ, ಹೋದ ಸಲ ಜಮಖಾನ ಹಾಸಿದ್ದು ನೀವೇ ಅಲ್ವೇ?" ಎಂದಳು.

ಬೋಗಿಯಲ್ಲಿ ಕಥಾಶ್ರವಣ

ಆ ವಾರ ನಾವು ಎಲ್‌ಟಿಸಿಯಲ್ಲಿ, ಅಂದರೆ ಆಫೀಸು ಕೊಡುವ ರಜಾ ಪ್ರವಾಸದ ಖರ್ಚಿನಲ್ಲಿ, ಪುರಿಗೆ ಹೊರಟಿದ್ದೆವು. ದೇವರ ದರ್ಶನ, ಮಗಳಿಗೆ ಸಮುದ್ರ, ನನಗೆ ಪುಸ್ತಕ. ಭಾನುವಾರ ಬೆಳಿಗ್ಗೆ ರೈಲು, ಶನಿವಾರ ವಾಪಸು ರೈಲು. ಎಣಿಸಿದರೆ ಸರಿಯಾಗಿ ಏಳು ದಿನ. ಏಳು ದಿನ ಎಂದ ಮೇಲೆ ನನಗೆ ತಿಳಿದದ್ದು ಒಂದೇ ದಾರಿ, ಸಪ್ತಾಹ. ಹಿಂದಿನದನ್ನೆಲ್ಲ ಬಿಟ್ಟು ಮೊದಲಿನಿಂದ ಪುಟ ಹಂಚಿ, ಏಳು ಕಡೆ ದಾರದ ಗುರುತು ಇಟ್ಟೆ. ಆ ದಿನದ ಭಾಗ ಆ ದಿನ. ಮುಂದಿನದನ್ನು ಇಣುಕಿ ನೋಡುವಂತಿಲ್ಲ. ಕಾದಂಬರಿ ಪತ್ತೇದಾರಿಯದಾದರೇನು, ಅಕ್ಷರವೆಲ್ಲ ಸರಸ್ವತಿಯೇ.

ರೈಲಿನಲ್ಲಿ ಕೈಕಾಲು ತೊಳೆದು, ಹಣೆಗೆ ಇಟ್ಟುಕೊಂಡು, ಕಾಲು ಮಡಚಿ ಕೂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಶುರುಮಾಡಿದೆ. ಎದುರಿನ ಬರ್ತಿನಲ್ಲಿ ಕಾನ್ಪುರದ ಕಡೆಯ ಒಬ್ಬರು ಅಜ್ಜಿ. ನನ್ನ ರಾಗ ಕೇಳಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದರು. ಸಾಹುಕಾರರ ಕೋಣೆಯಲ್ಲಿ ರಕ್ತದ ಶಾಲು ಸಿಕ್ಕಿತು, ಅಜ್ಜಿ ಕಣ್ಣೊರೆಸಿಕೊಂಡರು. ಹೆಣಕ್ಕಾಗಿ ಬಾವಿ ಜಾಲಾಡಿದರೂ ಸಿಗಲಿಲ್ಲ. ಅಜ್ಜಿ ಎರಡು ಬಾಳೆಹಣ್ಣು ತಂದು ಪುಸ್ತಕದ ಮುಂದಿಟ್ಟು ನಮಸ್ಕಾರ ಮಾಡಿದರು.

ನನ್ನ ಮನಸ್ಸು ತಡೆಯಲಿಲ್ಲ. ಇಂಥ ನೈವೇದ್ಯವನ್ನು ಸುಮ್ಮನೆ ತಿನ್ನುವುದು ಹೇಗೆ? "ಮಾತಾಜೀ, ಇದು ಪುರಾಣ ಅಲ್ಲ. ಕೊಲೆಯ ಕಥೆ," ಎಂದೆ ನನ್ನ ಆಫೀಸು ಹಿಂದಿಯಲ್ಲಿ.

"ಅಚ್ಛಾ? ಸತ್ತವರು ಯಾರು?"

"ಒಬ್ಬ ಸಾಹುಕಾರರು. ಕೊಂದವರು ಯಾರು ಅಂತ ಶನಿವಾರ ಗೊತ್ತಾಗುತ್ತೆ."

ಅಜ್ಜಿ ಬಾಳೆಹಣ್ಣನ್ನು ವಾಪಸು ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ಅವರು ಮುಂದಕ್ಕೆ ಬಾಗಿ, "ಆ ಮನೆಯಲ್ಲಿ ಸೊಸೆ ಇದ್ದಾಳಾ?" ಎಂದರು.

"ಇದ್ದಾಳೆ."

"ಮತ್ತೆ ಶನಿವಾರದವರೆಗೆ ಯಾಕೆ ಕಾಯ್ತೀಯಾ ಬೇಟಾ?"

ಮೇಲಿನ ಬರ್ತಿನಿಂದ ಯಾರೋ ಜೋರಾಗಿ ಕೆಮ್ಮಿದರು. ಆಮೇಲೆ ತಿಳಿಯಿತು, ಅವರ ಸೊಸೆ.

ಕಡಲ ದಂಡೆಯ ವ್ಯಾಸಪೀಠ

ಸಮುದ್ರದ ಮುಂದೆ ಜನ ಹೇಗೆ ಆರಾಮವಾಗಿ ಒರಗಿ ಓದುತ್ತಾರೆ ಎಂದು ನಾನು ಬೆರಗಾಗಿ ನೋಡಿದ್ದೇನೆ. ಕೆಲವರು ಮಲಗಿ ಓದುತ್ತಾರೆ, ಕೆಲವರು ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡು ನಿದ್ದೆ ಹೋಗುತ್ತಾರೆ. ನನಗೆ ಅದು ಬಾರದು. ಮರಳಿನ ಮೇಲೆ ಪುಸ್ತಕ ಇಡುವುದೂ ಮನಸ್ಸಿಗೆ ಒಪ್ಪದು. ಅದಕ್ಕೆಂದೇ ಮನೆಯಿಂದ ನಮ್ಮ ಮಡಚುವ ವ್ಯಾಸಪೀಠವನ್ನು ತಂದಿದ್ದೆ, ಗ್ರಂಥ ಇಟ್ಟು ಓದುವ ಆ ಮರದ ಪೀಠ. ಅದರ ಮೇಲೆ ಕಾದಂಬರಿ ತೆರೆದಿಟ್ಟು, ಸಮುದ್ರಕ್ಕೆ ಮುಖ ಮಾಡಿ, ಪದ್ಮಾಸನದಲ್ಲಿ ಕೂತೆ.

"ರೀ, ಒಂದು ಸಲ ಅಲೆಗೆ ಕಾಲು ಕೊಡಿ ಬನ್ನಿ," ಎಂದಳು ಹೆಂಡತಿ, ಸೀರೆ ಎತ್ತಿ ಹಿಡಿದುಕೊಂಡು.

"ಇನ್ನು ಹನ್ನೆರಡು ಪುಟ."

"ಮುಗಿಯೋದ್ರಲ್ಲಿ ಸಮುದ್ರ ಎಲ್ಲೂ ಹೋಗಲ್ಲ ಅಂತ ಧೈರ್ಯ ನಿಮಗೆ."

ನನ್ನ ದನಿ ಏರುತ್ತಿತ್ತು, ಏಕೆಂದರೆ ಅಲೆಗಳ ಸದ್ದು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಎದುರಿಗೆ ಆರೇಳು ಜೊತೆ ಚಪ್ಪಲಿ. ಚಪ್ಪಲಿ ಬಿಟ್ಟವರು ಪಕ್ಕದಲ್ಲಿ ಸಾಲಾಗಿ ಕೂತಿದ್ದಾರೆ. ಕಡಲೆಕಾಯಿ ಮಾರುವವನೂ ಬುಟ್ಟಿ ಇಳಿಸಿದ್ದಾನೆ. ಅಷ್ಟರಲ್ಲಿ ಕೈತುಂಬ ಕೆಂಪು ಬಳೆ ತೊಟ್ಟ ಹೊಸ ಮದುಮಗಳು, ಅವಳ ಗಂಡ ಬಂದು ನನ್ನ ಕಾಲಿಗೆರಗಿದರು. ಹಿರಿಯನಾಗಿ ಇಲ್ಲವೆನ್ನಲಾಗದು. ಬೆರಳನ್ನು ಸಾಲಿನ ಮೇಲೆಯೇ ಇಟ್ಟುಕೊಂಡು ನೂರು ವರ್ಷ ಸುಖವಾಗಿ ಬಾಳಿ ಎಂದು ಹರಸಿದೆ.

ಆ ಹುಡುಗಿ ಸಂತೋಷದಿಂದ ನನ್ನ ಮಗಳನ್ನು ಕೇಳಿದಳು: "ಅಂಕಲ್ ಯಾವ ಅಧ್ಯಾಯ ಓದುತ್ತಿದ್ದರು?"

ಎಂಟನೇ ಕ್ಲಾಸಿನ ನನ್ನ ಮಗಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಎಲ್ಲ ತಿಳಿಯುತ್ತದೆ. "ಭಾಭೀ, ಹಾಲಲ್ಲಿ ವಿಷ ಹಾಕೋ ಚಾಪ್ಟರ್," ಎಂದಳು.

ಗಂಡ ನಿಧಾನವಾಗಿ ಹೆಂಡತಿಯ ಕಡೆ ತಿರುಗಿ ನೋಡಿದ.

ದೇವರ ಮುಂದೆ

ಮೂರನೆಯ ದಿನದಿಂದ ಮಗಳು ನೀರಾಟ ಬಿಟ್ಟು ನನ್ನ ಬೆನ್ನ ಹಿಂದೆ ಬಂದು ಕೂರತೊಡಗಿದಳು. ದಾರದ ಗುರುತು ಬಂದು ಪುಸ್ತಕ ಮುಚ್ಚಿದರೆ ಗೋಳಾಡುವಳು. "ಅಪ್ಪಾ, ಆಗೇ ಕ್ಯಾ ಹುವಾ, ಆಮೇಲೇನಾಯ್ತು? ಆ ಡಾಕ್ಟರೇ ಕೊಂದದ್ದಾ? ಒಂದು ಪೇಜ್ ಅಪ್ಪಾ, ಪ್ಲೀಸ್!"

"ನಾಳೆ."

"ನಿಮಗೆ ಗೊತ್ತಾಗಬೇಕು ಅಂತ ಅನ್ಸಲ್ವಾ?"

ಅನಿಸದೆ ಏನು? ಆದರೆ ನೇಮ ನೇಮವೇ. ಹೆಂಡತಿಗೂ ಕುತೂಹಲ ಹತ್ತಿ, ಊಟದಲ್ಲಿ ಅನ್ನ ಬಡಿಸುತ್ತ, "ಆ ಡಾಕ್ಟರು ರಾತ್ರಿ ಬಂದವನು ಛತ್ರಿ ಯಾಕೆ ಬಿಟ್ಟು ಹೋದ?" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಗುರುವಾರ ದರ್ಶನಕ್ಕೆ ಹೋದೆವು. ನೂಕುನುಗ್ಗಲಿನಲ್ಲಿ ಒಂದೇ ಒಂದು ಕ್ಷಣ ಆ ದೊಡ್ಡ ಕಣ್ಣುಗಳು ಕಂಡವು. ನಾನು ವರ್ಷಗಟ್ಟಲೆ ಕಾದಿದ್ದ ಕ್ಷಣ. ಮಗಳ ಓದು, ಹೆಂಡತಿಯ ಮಂಡಿನೋವು, ಎಲ್ಲ ಬೇಡಿಕೊಳ್ಳಬೇಕೆಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು: "ಏನು ಬೇಡಿಕೊಂಡ್ರಿ?"

ಸುಳ್ಳು ಹೇಳುವ ಜಾಗವಲ್ಲ. "ಆ ಡಾಕ್ಟರು ಕೊಲೆಗಾರ ಆಗದಿರಲಿ ಅಂತ ಬಾಯಿಗೆ ಬಂದುಬಿಡ್ತು ಕಣೇ," ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹೋಗಲಿ ಬಿಡಿ. ನಾನು ಅವನೇ ಆಗಲಿ ಅಂತ ಕೇಳ್ಕೊಂಡಿದೀನಿ. ಯಾರ ಮಾತು ನಡೆಯುತ್ತೋ ನೋಡೋಣ," ಎಂದಳು.

ಹದಿನಾರು ಪುಟಗಳ ಚೀಲ

ಶನಿವಾರ ವಾಪಸು ರೈಲು. ಕೊನೆಯ ದಿನದ ಭಾಗ. ಮೂವರೂ ಒಂದೇ ಬರ್ತಿನಲ್ಲಿ ಕೂತೆವು. ಪೊಲೀಸ್ ಇನ್‌ಸ್ಪೆಕ್ಟರು ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, "ಸಾಹುಕಾರರನ್ನು ಕೊಂದವರು ಯಾರು ಎಂದು ಈಗ ಹೇಳುತ್ತೇನೆ" ಎಂದು ಎದ್ದು ನಿಂತರು. ನಾನು ಪುಟ ತಿರುಗಿಸಲು ಹೋದೆ. ತಿರುಗಲಿಲ್ಲ.

ಕೊನೆಯ ಹದಿನಾರು ಪುಟಗಳ ಅಂಚನ್ನು ಪ್ರೆಸ್ಸಿನವರು ಕತ್ತರಿಸಿಯೇ ಇರಲಿಲ್ಲ. ಮಡಚಿದ ದೊಡ್ಡ ಹಾಳೆ ಮಡಚಿದ ಹಾಗೇ ಹೊಲಿದುಹೋಗಿತ್ತು. ಮೇಲಿನ ಅಂಚೂ ಮುಚ್ಚಿದೆ, ಪಕ್ಕದ ಅಂಚೂ ಮುಚ್ಚಿದೆ. ಹೊರಗೆ ಕಾಣುವ ಕಡೆಯ ಪುಟದಲ್ಲಿ ಬರೀ ಜಾಹೀರಾತು. ನಾನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗಿನಿಂದ ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದೆ. 'ಆಗ' ಎಂಬ ಒಂದು ಮಾತು ಮಾತ್ರ ಕಂಡಿತು.

"ಬೆರಳು ಹಾಕಿ ಹರೀರಿ," ಎಂದಳು ಹೆಂಡತಿ.

"ಅಧ್ಯಕ್ಷರ ಪುಸ್ತಕ ಕಣೇ. ಅವರ ಒಪ್ಪಿಗೆ ಇಲ್ಲದೆ ಹೇಗೆ?"

"ಚಾಕು ಇದೆ."

"ಅದರಲ್ಲಿ ನೀನು ಈಗ ತಾನೇ ಈರುಳ್ಳಿ ಹೆಚ್ಚಿದ್ದೀಯ. ಸರಸ್ವತಿಗೆ ಈರುಳ್ಳಿ ಚಾಕುವೇ?"

ಹೆಂಡತಿ ಕೈ ಮುಗಿದು ಕಿಟಕಿಯ ಕಡೆ ತಿರುಗಿದಳು. ಫೋನು ಮಾಡಿ ಕೇಳೋಣವೆಂದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ನನಗೆ ಮಾತ್ರ ಬೇರೊಂದು ಆಶ್ಚರ್ಯ. ಚೀಟಿಯಲ್ಲಿ ಎಂಟು ಜನ 'ಓದಿದೆ' ಎಂದು ಸಹಿ ಹಾಕಿದ್ದಾರೆ. ಅವರೆಲ್ಲ ಇದನ್ನು ಹೇಗೆ ಓದಿದರು? ನನಗೆ ತಿಳಿಯದ ಉಪಾಯ ಏನೋ ಇರಬೇಕು ಎಂದು ಬಹಳ ಹೊತ್ತು ಯೋಚಿಸಿದೆ. ಮಗಳನ್ನು ಕೇಳಿದರೆ ಅವಳು ಬರ್ತಿನ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು.

ಚರ್ಚೆ

ಭಾನುವಾರ ರೈಲು ತಡವಾಯಿತು. ಮನೆಗೆ ಹೋಗಿ ಸ್ನಾನ ಮುಗಿಸಿ, ಹೆಂಡತಿ ಮಗಳ ಜೊತೆ ಕಮ್ಯುನಿಟಿ ಹಾಲಿಗೆ ಓಡುವ ಹೊತ್ತಿಗೆ ಚರ್ಚೆ ಶುರುವಾಗಿಬಿಟ್ಟಿತ್ತು. ಪ್ರೊಫೆಸರರು ಎದ್ದು ನಿಂತು, "ಕೊನೆಯಲ್ಲಿ ಆ ಕೊಲೆಗಾರನ ಪಶ್ಚಾತ್ತಾಪ ಇದೆಯಲ್ಲ, ಅವನ ಕಣ್ಣೀರು..." ಎನ್ನುತ್ತಿದ್ದರು. ಎಲ್ಲರೂ ತಲೆದೂಗುತ್ತಿದ್ದರು.

ನಾನು ಎರಡೂ ಕಿವಿ ಮುಚ್ಚಿಕೊಂಡೆ. "ಸರ್, ದಯವಿಟ್ಟು ಹೇಳಬೇಡಿ! ನಂದು ಇನ್ನೂ ಹದಿನಾರು ಪುಟ ಬಾಕಿ."

ಅಧ್ಯಕ್ಷರು ರಿಜಿಸ್ಟರು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಇನ್ನೂ ಮುಗಿಸಿಲ್ವೇ? ಒಂದು ವಾರ ರಜೆ ಇತ್ತಲ್ರೀ ನಿಮಗೆ. ನಾನು ಮೊದಲೇ ಹೇಳಿದ್ದೆ, ಆಮೇಲೆ ಬೇಜಾರು ಮಾಡ್ಕೋಬಾರದು."

ಪೆನ್ನು ನನ್ನ ಹೆಸರಿನ ಮೇಲೆ ಬಂದಿತ್ತು. ಐವತ್ತು ದಾಟಿದವನಿಗೆ ಇದೆಂಥ ಸಂಕಟ ಎನ್ನಬೇಡಿ. ಊರ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಾಗ ಆದಷ್ಟೇ ಆಯಿತು. "ನಿನ್ನೆಯೇ ಮುಗಿಸುತ್ತಿದ್ದೆ ಸರ್. ತಮ್ಮ ಒಪ್ಪಿಗೆ ಬೇಕಿತ್ತು. ಮತ್ತೆ ಒಂದು ಶುದ್ಧವಾದ ಚಾಕು."

"ಚಾಕು ಯಾಕ್ರೀ?"

"ಈ ಪುಟಗಳನ್ನು ಯಾರೂ ಇನ್ನೂ ಬಿಡಿಸಿಲ್ಲ. ನೀವೆಲ್ಲ ಹೇಗೆ ಓದಿದಿರಿ ಅಂತ ಹೇಳಿಕೊಟ್ಟರೆ ಚಾಕು ಬೇಡ. ನಾನೂ ಹಾಗೇ ಓದುತ್ತೇನೆ."

ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅವರು ನೋಡಿ ಪಕ್ಕದವರಿಗೆ ಕೊಟ್ಟರು. ಪಕ್ಕದವರು ತಿರುಗಿಸಿ ನೋಡಿ ಇನ್ನೊಬ್ಬರಿಗೆ. ಚೀಟಿಯ ಸರದಿಯಂತೆಯೇ ಎಂಟೂ ಜನರ ಕೈ ಸುತ್ತಿ ನನ್ನ ಹತ್ತಿರ ವಾಪಸು ಬಂತು. ಮಾನೇಸರದ ಎಂಜಿನಿಯರು ಮೇಲೆದ್ದು ಅಡುಗೆ ಕೋಣೆಗೆ ಹೋಗಿ ಚಾಕು ತೊಳೆದು ತಂದ.

"ಕತ್ತರಿಸಿ," ಎಂದರು ಅಧ್ಯಕ್ಷರು, ನೆಲ ನೋಡುತ್ತ. "ನೀವೇ ಓದಿಬಿಡಿ. ಗಟ್ಟಿಯಾಗಿ."

ಜಮಖಾನದ ಮೇಲೆ ಕಾಲು ಮಡಚಿ ಕೂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಓದಿದೆ. ಚಹಾ ಆರಿಹೋಯಿತು, ಯಾರೂ ಕುಡಿಯಲಿಲ್ಲ. ಇನ್‌ಸ್ಪೆಕ್ಟರು ಒಬ್ಬೊಬ್ಬರನ್ನೇ ಬಿಡುತ್ತ ಬಂದರು. ಸೊಸೆ ಅಲ್ಲ. ಅಡುಗೆಯವನಲ್ಲ. ಡಾಕ್ಟರೂ ಅಲ್ಲ, ನನ್ನ ಹೆಂಡತಿ "ಥತ್" ಎಂದಳು. ಕೊನೆಯ ಪುಟದಲ್ಲಿ ಹಜಾರದ ಬಾಗಿಲು ತೆರೆಯಿತು. ಯಾರು ತನ್ನ ಸಾವಿಗೆ ನಿಜವಾಗಿ ಅಳುತ್ತಾರೆಂದು ನೋಡಲು ಇಷ್ಟು ದಿನ ಪಕ್ಕದೂರಿನಲ್ಲಿ ಅಡಗಿ ಕೂತಿದ್ದ ಸಾಹುಕಾರರೇ ಒಳಗೆ ಬಂದು, ಒಂದು ಲೋಟ ಕಾಫಿ ಕೇಳಿದರು. ಅಲ್ಲಿಗೆ ಮುಗಿಯಿತು. ಕೊಲೆಯೂ ಇಲ್ಲ, ಕೊಲೆಗಾರನೂ ಇಲ್ಲ.

"ಅಯ್ಯೋ, ಬದುಕಿದ್ದಾರಾ!" ಎಂದು ಎಂಟೂ ಜನ ಒಟ್ಟಿಗೆ ಕೂಗಿ, ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡರು.

ಅಧ್ಯಕ್ಷರು ರಿಜಿಸ್ಟರು ಮುಚ್ಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿ, "ನಿಮ್ಮ ಹೆಸರು ಇದ್ದಲ್ಲೇ ಇರಲಿ ಬಿಡಿ," ಎಂದರು.

ಪ್ರೊಫೆಸರರಿಗೆ ಮಾತ್ರ ಸಮಾಧಾನವಾಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಗಂಭೀರವಾಗಿ ಹೇಳಿದರು:

"ನಾನು ಓದುವಾಗ ಸತ್ತಿದ್ದರು ಕಣ್ರೀ."