ಪುರಂದರ ತಿಂಗಳಾಯನ ಕೈಗವಸು ಕಾಳಗ

ಕೃತ, ತ್ರೇತ, ದ್ವಾಪರಗಳು ಉರುಳಿಹೋಗಿ, ಕಲಿಪುರುಷನೇ ರಬ್ಬರಿನ ಕವಚ ತೊಟ್ಟು ಕಡಲಿಗಿಳಿದಿರುವ ಈ ಕಾಲದಲ್ಲಿ, ಕೇಳಿರಿ ಸಹೃದಯರೇ, ಸಸಿಹಿತ್ಲು ತೀರದ ಕುಲದೀಪಕನೂ ತರಂಗಮದಮರ್ದನನೂ ಆಷಾಢದ ಅಬ್ಬರದಲ್ಲಿಯೂ ಬರಿಯ ಚಡ್ಡಿಯಲ್ಲೇ ಅಲೆಯೇರಿದ ಅಸಮಸಾಹಸಿಯೂ ಆದ ಪುರಂದರ ತಿಂಗಳಾಯನು, ಐರ್ಲೆಂಡೆಂಬ ಶೀತಲದ್ವೀಪದಲ್ಲಿ ಸ್ವಂತ ಅಕ್ಕನೊಡನೆ ನಡೆಸಿದ ಘೋರ ಕಾಳಗದ ಕಥೆಯನ್ನು. ವಿಘ್ನರಾಜನೇ, ನಾಲಿಗೆಗೆ ಬಲವನ್ನು ಕೊಡು. ಬೆರಳುಗಳಿಗೆ ಬಿಸಿಯನ್ನು ಕೊಡು.

ಪುರಂದರನು ಊರಿನಲ್ಲಿ ಸರ್ಫಿಂಗ್ ಕಲಿಸುವ ಗುರು. ಒಂದು ದಿನ, ಪರದೇಶ ಸುತ್ತಿ ಬಂದಿದ್ದ ಶಿಷ್ಯೆಯೊಬ್ಬಳು ಎಲ್ಲರೆದುರು, "ಸರ್, ನಮ್ಮ ಕಡಲು ಸ್ನಾನದ ಹಂಡೆ ಇದ್ದ ಹಾಗೆ. ಇದರಲ್ಲಿ ಯಾರಿಗೂ ಬರ್ತದೆ" ಎಂದುಬಿಟ್ಟಳು. ಆ ವಾಗ್ಬಾಣವು ವೀರನ ಎದೆಯಲ್ಲಿ ನಾಟಿತು. ಜನವರಿಯ ಅಟ್ಲಾಂಟಿಕ್ ಅಲೆಯನ್ನೇರದೆ ಮರಳೆನೆಂದು ಅವನು ಅಲ್ಲಿಯೇ ಪ್ರತಿಜ್ಞೆಗೈದು, ಐರ್ಲೆಂಡಿನ ಪಡುಗಡಲ ಊರೊಂದರಲ್ಲಿ ನರ್ಸಾಗಿದ್ದ ಅಕ್ಕ ಲೋಲಾಕ್ಷಿಯ ಮನೆಗೆ ವಿಮಾನಾರೂಢನಾಗಿ ಹೋದನು.

ಸೂಚೀಹಸ್ತೆಯೂ ಜ್ವರಭಯಂಕರಿಯೂ ಆದ ಆ ಲೋಲಾಕ್ಷಿಯು ತಮ್ಮನನ್ನು ಕಡಲಬದಿಯ ಅಂಗಡಿಗೆ ಕರೆದೊಯ್ದಳು. ಅಲ್ಲಿ, ಆಯುಧಶಾಲೆಯ ಖಡ್ಗಗಳಂತೆ, ಗೋಡೆಯುದ್ದಕ್ಕೂ ಕಪ್ಪು ಕೈಗವಸುಗಳು ತೂಗುತ್ತಿದ್ದವು. ಅಕ್ಕನು ಏಡಿಯ ಇಕ್ಕಳದಂತೆ ಮೂರೇ ಬೆರಳುಳ್ಳ, ದೋಸೆಗಿಂತ ದಪ್ಪದ ಒಂದು ಜೋಡಿಯನ್ನು ಆರಿಸಿದಳು. ತಮ್ಮನು ಎಲ್ಲಕ್ಕಿಂತ ತೆಳುವಾದುದನ್ನು, ಅದೂ ಒಂದು ಅಳತೆ ದೊಡ್ಡದನ್ನು, ಎತ್ತಿಕೊಂಡನು. ಯುದ್ಧವು ಆರಂಭವಾಯಿತು.

"ಎಲೌ ಅಗ್ರಜೆಯೇ!" ಎಂದು ಗರ್ಜಿಸಿದನು ಪುರಂದರ. "ಅಲೆಯೇರುವ ಹಲಗೆಯ ಮೈಯನ್ನು ಅಂಗೈಯಿಂದ ಓದಬಲ್ಲ ನನ್ನ ಈ ಕರಕಮಲಗಳನ್ನು ಹಾಸಿಗೆಯಲ್ಲಿ ಸುತ್ತಿಡುವೆಯಾ? ಬಲೆಯೆಳೆದ ಹಿರಿಯರ ರಕ್ತವು ಹರಿಯುವ ಈ ಬೆರಳುಗಳಿಗೆ ಚಳಿಯೆಂಬುದು ಕೇವಲ ವದಂತಿ!"

"ಕೇಳೆಲವೋ ಅನುಜ!" ಎಂದು ಅಕ್ಕನೂ ಸೆರಗಿಲ್ಲದ ಜಾಕೆಟ್ಟಿನಲ್ಲೇ ಸೊಂಟಕ್ಕೆ ಕೈಯಿಟ್ಟಳು. "ಈ ಕಡಲಿಂದ ನೀಲಿಗಟ್ಟಿ ಬಂದ ಎಷ್ಟು ಕೈಗಳನ್ನು ಈ ನನ್ನ ಕೈಗಳು ಬಿಸಿ ಮಾಡಿವೆಯೆಂದು ಬಲ್ಲೆಯಾ? ಗರ್ವಿಷ್ಠರ ಗರ್ವವು ಮೊದಲು ಹೆಪ್ಪುಗಟ್ಟುವುದು ಕಿರುಬೆರಳಿನಲ್ಲಿ!" ಬಳಿಕ ಸ್ವರ ತಗ್ಗಿಸಿ, "ಅದು ದೊಗಲೆ ಮಾರಾಯ. ಗ್ಲೌಸು ಚರ್ಮದ ಹಾಗೆ ಕೂರಬೇಕು. ಸಡಿಲ ಇದ್ರೆ ತಣ್ಣೀರು ಒಳಗೆ ಹೋಗಿ ಬರ್ತಾ ಇರ್ತದೆ, ಬಿಸಿ ನಿಲ್ಲುದೇ ಇಲ್ಲ" ಎಂದಳು.

"ಬಿಗಿಯಾದ್ರೆ ಕೈ ಆಡುದಿಲ್ಲ ಅಕ್ಕ."

"ಹಾಗಾದ್ರೆ ಫ್ಲಾಸ್ಕಿನ ಬಿಸಿನೀರಾದ್ರೂ ಅದರೊಳಗೆ ಹೊಯ್ದು ಹಾಕಿಕೊ. ಗ್ಲೌಸಿನ ಬಾಯಿಯನ್ನು ಸೂಟಿನ ತೋಳಿನ ಒಳಗೆ ಸೇರಿಸು. ಇಳಿಯುವ ಮೊದಲು ಮರಳಲ್ಲಿ ನಾಲ್ಕು ಸುತ್ತು ಓಡು."

"ನಾನೇನು ಶಾಲೆ ಮಗುವಾ?"

ಹೀಗೆ ಹಿತವಚನವನ್ನು ಧಿಕ್ಕರಿಸಿದ ವೀರನು, ವೆಟ್‌ಸೂಟೆಂಬ ರಬ್ಬರಿನ ಕವಚದಲ್ಲಿ ಕಾಳಿಂಗಸರ್ಪದಂತೆ ಹೊಳೆಯುತ್ತ, ಹಲಗೆಯನ್ನು ಕಂಕುಳಲ್ಲಿಟ್ಟು ನೀರಿಗಿಳಿದನು. ಅಕ್ಕನು ಈ ದಿಗ್ವಿಜಯವನ್ನು ಶಿಷ್ಯವೃಂದಕ್ಕೆ ತೋರಿಸಲೆಂದು ಫೋನನ್ನು ಹಿಡಿದು ದಡದಲ್ಲಿ ನಿಂತಳು.

ನೀರು ಮುಟ್ಟಿದ ಕ್ಷಣವೇ ಅಟ್ಲಾಂಟಿಕ್ ತನ್ನ ಮೊದಲ ಅಸ್ತ್ರವನ್ನು ಪ್ರಯೋಗಿಸಿತು. ದೊಗಲೆ ಕೈಗವಸುಗಳು ನೀರು ತುಂಬಿದ ಸಂತೆಯ ಚೀಲಗಳಾದವು. ಪ್ರತಿ ಬೀಸಿಗೂ ಅವನು ಅರ್ಧ ಸಮುದ್ರವನ್ನೇ ಎತ್ತಿ ಹಾಕುತ್ತಿದ್ದನು. ಮೊದಲು ಬೆರಳುಗಳು ಉರಿದವು, ಆಮೇಲೆ ನೊಂದವು, ಕೊನೆಗೆ ಯಾರದೋ ಬೆರಳುಗಳಾದವು. ಆದರೂ ಹಿಂದಿರುಗಲಿಲ್ಲ. ಆಗ, ಬೂದುಬಣ್ಣದ ದಿಗಂತವನ್ನು ಸೀಳಿಕೊಂಡು, ಹಸಿರು ಗಾಜಿನ ಗೋಡೆಯಂಥ ಅಲೆಯೊಂದು ಎದ್ದುಬಂದಿತು. ಪುರಂದರನು ಕೈಗಳನ್ನು ನಂಬಲಾರದೆ ಮೊಣಕೈಗಳನ್ನೂರಿ ಎದ್ದನು. ನಿಂತನು. ಸ್ಪಷ್ಟವಾಗಿ, ನೇರವಾಗಿ, ಸಸಿಹಿತ್ಲಿನ ಗಂಡು ನಿಂತಿದ್ದನು! ಗಂಟಲಿನಿಂದ ತಾನಾಗಿ ಒಂದು ಕೂಗು ಹೊರಟಿತು; ಕಣ್ಣಲ್ಲಿ ಬಂದದ್ದು ಉಪ್ಪುನೀರೇ, ಆದರೆ ಕಡಲಿನದಲ್ಲ.

ಮರುಗಳಿಗೆಯಲ್ಲೇ ಬಿದ್ದನು. ಹಲಗೆಯ ಅಂಚನ್ನು ಹಿಡಿಯಲು ಹೋದರೆ ಬೆರಳುಗಳು ಮಡಚಿಕೊಳ್ಳಲಿಲ್ಲ. ಹಲಗೆಯ ಮೇಲೆ ಹೊಟ್ಟೆಯೂರಿ, ಅಲೆಗಳು ದಬ್ಬಿದಂತೆ ದಬ್ಬಿಸಿಕೊಂಡು, ದಡಕ್ಕೆ ಬಂದು ಬಿದ್ದನು.

"ನೋಡಿದೆಯಾ ಅಕ್ಕಾ?" ಹಲ್ಲುಗಳು ಕಟಕಟನೆ ತಾಳ ಹಾಕುತ್ತಿದ್ದವು.

"ನೋಡಿದೆ ಮಾರಾಯ! ಎಂಥಾ ಚಂದ ನಿಂತೆ!" ಅಕ್ಕನ ದನಿಯಲ್ಲಿ ಹೆಮ್ಮೆ ಇತ್ತು. ಮರುಕ್ಷಣ ಅವಳ ಮುಖ ಸಣ್ಣದಾಯಿತು. "ಆದ್ರೆ ವಿಡಿಯೋ ಆಗ್ಲಿಲ್ಲ."

"ಎಂತ?"

"ಗ್ಲೌಸು ಹಾಕಿದ್ರೆ ಫೋನಿಗೆ ಬೆರಳು ಗೊತ್ತಾಗುದಿಲ್ಲ ಅಂತ ತೆಗೆದಿಟ್ಟಿದ್ದೆ. ಗಾಳಿಗೆ ಕೈ ಮರಗಟ್ಟಿತು. ಗುಂಡಿ ಒತ್ತಿದ್ದೇನೆ ಅಂತ ಗ್ರಹಿಸಿದೆ. ಒತ್ತಿರಲೇ ಇಲ್ಲ."

ವೀರನು ರೋದಿಸಬೇಕೆಂದಿದ್ದನು. ಆದರೆ ಅದಕ್ಕಿಂತ ತುರ್ತಾದ, ಮಹಾಪುರುಷರನ್ನೂ ಬಿಡದ ಒಂದು ಬಾಧೆಯು ಹೊಟ್ಟೆಯ ಕೆಳಗೆ ತಲೆಯೆತ್ತಿತ್ತು. "ಅಕ್ಕ, ಬೆನ್ನಿನ ಜಿಪ್ ಎಳಿ. ಬೇಗ! ಬಚ್ಚಲಿಗೆ ಹೋಗಬೇಕು."

ಅವಳು ಎಳೆದಳು; ಬೆರಳು ಜಾರಿತು. ಎರಡೂ ಅಂಗೈಗಳ ನಡುವೆ ಒತ್ತಿ ಎಳೆದಳು, ಜಾರಿತು. ಹಲ್ಲಿನಿಂದ ಕಚ್ಚಿ ನೋಡಿದಳು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತ, "ನಿನ್ನ ಉಪದೇಶ ಎಲ್ಲಿ ಹೋಯ್ತು?" ಎಂದನು; ಅವಳು ಜಿಪ್ಪಿನ ದಾರವನ್ನು ಕಚ್ಚಿಕೊಂಡೇ, "ನಿನ್ನ ರಕ್ತ ಎಲ್ಲಿ ಹೋಯ್ತು?" ಎಂದಳು.

ಆಗ ನಾಯಿಯೊಂದನ್ನು ನಡೆಸುತ್ತ ಬಂದ ವೃದ್ಧೆಯೊಬ್ಬಳು, ತೆಳ್ಳಗಿನ ಸ್ವೆಟರಿನಲ್ಲಿ, ಬರಿಗೈಯಲ್ಲಿ, ಅವರನ್ನು ಕಂಡು ನಿಂತಳು. ಏನನ್ನೂ ಕೇಳದೆ, ಎರಡೇ ಬೆರಳಿನಿಂದ ಜಿಪ್ಪನ್ನು ಸರ್‍ರನೆ ಎಳೆದಳು.

"ಇವತ್ತು ಪರವಾಗಿಲ್ಲ, ಸ್ವಲ್ಪ ಬೆಚ್ಚಗಿದೆ ಅಲ್ಲವೇ?" ಎಂದು ತನ್ನ ಭಾಷೆಯಲ್ಲಿ ಹೇಳಿ, ನಾಯಿಯೊಡನೆ ಮುಂದೆ ನಡೆದಳು.

ಅಟ್ಲಾಂಟಿಕ್‌ಗರ್ವಭಂಜನನೂ ಹಸಿರಲೆಯ ಅಧಿಪತಿಯೂ ಆದ ಪುರಂದರ ತಿಂಗಳಾಯನು, ಅರ್ಧ ಕಳಚಿದ ಕವಚವನ್ನು ಸೊಂಟದಲ್ಲಿ ಜೋತಾಡಿಸಿಕೊಂಡು, ಸಾರ್ವಜನಿಕ ಶೌಚಾಲಯದ ಕಡೆಗೆ ಓಡಿದನು. ಅಲ್ಲಿ ಮೂವರು ಸಾಲಿನಲ್ಲಿದ್ದರು.