ಸೈಕಲ್ ರವೀಂದ್ರನ ನಾಲ್ಕು ತಾಲ್ಲೂಕಿನ ತುಲಾಭಾರ

ಈ ವೃತ್ತಾಂತವನ್ನು ಮೊದಲು ಹೇಳಿದವರು ಪಾಲಹಳ್ಳಿಯ ಚಿಕ್ಕಯ್ಯನವರು. ಆಲೆಮನೆಯಲ್ಲಿ ಮೂವತ್ತು ವರ್ಷ ಬೆಲ್ಲ ತೂಗಿದ ಕೈ ಅವರದು. ತಕ್ಕಡಿಯ ಮುಂದೆ ನಿಂತು ಸುಳ್ಳಾಡಿದವನನ್ನು ದೇವರೇ ವಿಚಾರಿಸಿಕೊಳ್ಳುತ್ತಾನೆಂದು ನಂಬಿದವರು. ಆದ್ದರಿಂದ ಇದರಲ್ಲಿ ಬರುವ ಕಿಲೋಗಳೆಲ್ಲ ನಿಜ. ಉಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ನಾಗಮಂಗಲ ತಾಲ್ಲೂಕು ದೇವಲಾಪುರದ ದ್ಯಾವಮ್ಮನ ಮಗ ರವೀಂದ್ರ, ವಯಸ್ಸು ಇಪ್ಪತ್ತೇಳು, ತೂಕ ಅರವತ್ತೊಂದು ಕಿಲೋ, ಸಂಬಳಕ್ಕೆ ಸೈಕಲ್ ತುಳಿಯುವವನು. ಸಂಬಳಕ್ಕೆ ಸೈಕಲ್ ತುಳಿಯುತ್ತಾನೆ ಎಂದರೆ ನಮ್ಮ ಕಡೆ ಅಂಚೆಯವನಿರಬೇಕು ಎಂದುಕೊಳ್ಳುತ್ತಾರೆ. ಆದರೆ ರವೀಂದ್ರ ಇದ್ದದ್ದು ಯೂರೋಪಿನ ಒಂದು ತಂಡದಲ್ಲಿ. ಅಲ್ಲಿ ಮೂರು ವಾರ ನಡೆಯುವ ದೊಡ್ಡ ಪಂದ್ಯವೊಂದಿದೆ. ದಿನವೂ ಊರಿಂದೂರಿಗೆ ತುಳಿಯಬೇಕು, ನಡುನಡುವೆ ಮೋಡ ಮುಟ್ಟುವ ಬೆಟ್ಟಗಳನ್ನು ಹತ್ತಬೇಕು. ಹಿಂದಿನ ವರ್ಷ ಅದರಲ್ಲಿ ಅವನು ಹನ್ನೊಂದನೆಯವನಾಗಿ ಬಂದಿದ್ದ. ಬರುವ ವರ್ಷ ತಂಡದ ನಾಯಕತ್ವ ನಿನಗೇ, ಗೆದ್ದರೂ ಗೆದ್ದೀಯೆ ಎಂದು ಮ್ಯಾನೇಜರು ಹೇಳಿದ್ದ. ಷರತ್ತು ಒಂದೇ. ಜನವರಿ ಹತ್ತಕ್ಕೆ ಶಿಬಿರಕ್ಕೆ ಬಂದಾಗ ಮೈತೂಕ ಅರವತ್ತಮೂರು ಕಿಲೋ ದಾಟಿರಬಾರದು. ದಾಟಿದರೆ ನಾಯಕತ್ವವೂ ಇಲ್ಲ, ಜಾಗವೂ ಇಲ್ಲ.

ಅವನು ಡಿಸೆಂಬರಿನಲ್ಲಿ ತಾಯಿಯನ್ನು ನೋಡಲು ಬಂದ. ಆಗ ಧನುರ್ಮಾಸ ಹಿಡಿದಿತ್ತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶಾಮಿಯಾನದವರು, ಅಡುಗೆಯವರು, ಮೈಕ್‌ಸೆಟ್ಟಿನವರು, ಭಾಷಣ ಮಾಡುವವರು ಎಲ್ಲರೂ ಕೈಕಟ್ಟಿ ಕೂತಿದ್ದರು. ನಾಡಿನ ಇಷ್ಟೊಂದು ಶಕ್ತಿ ಸುಮ್ಮನೆ ಕೊಳೆಯುವುದನ್ನು ನೋಡಲಾರದೆ ಶ್ರೀರಂಗಪಟ್ಟಣದ ದೇವರಾಜು ಎಂಬ ಮುಖಂಡರು 'ನಾಲ್ಕು ತಾಲ್ಲೂಕುಗಳ ಸೈಕಲ್ ಸಾಧಕ ಸಾಧ್ಯತಾ ಪರಿಶೀಲನಾ ಸಮಿತಿ'ಯನ್ನು ಸ್ಥಾಪಿಸಿ ತಾವೇ ಅಧ್ಯಕ್ಷರಾದರು. ವೈದ್ಯಕೀಯ ತಜ್ಞರಾಗಿ ನಿವೃತ್ತ ಪಶುವೈದ್ಯ ಲೋಕೇಶ್ ಅವರನ್ನು ನೇಮಿಸಲಾಯಿತು. ನಾಲ್ಕು ಕಾಲು ತಿಳಿದವರಿಗೆ ಎರಡು ಕಾಲು ಅರ್ಧ ಕೆಲಸ ಎಂದು ಆದೇಶದಲ್ಲಿ ಕಾರಣ ಕೊಟ್ಟಿತ್ತು.

ರವೀಂದ್ರ ಗೆಲ್ಲುವ ಸಾಧ್ಯತೆ ಎಷ್ಟೆಂದು ಅಳೆಯುವುದು ಸಮಿತಿಯ ಉದ್ದೇಶ. ಅಳೆಯಲು ಅವರಲ್ಲಿದ್ದ ಸಾಧನ ಒಂದು ದೊಡ್ಡ ತಕ್ಕಡಿ ಮಾತ್ರ. ಆದ್ದರಿಂದ ನಾಲ್ಕು ತಾಲ್ಲೂಕಿನಲ್ಲೂ ಬೆಲ್ಲದ ತುಲಾಭಾರ ಮಾಡುವುದೆಂದು ತೀರ್ಮಾನವಾಯಿತು. ಬೆಲ್ಲವನ್ನು ಆಲೆಮನೆಯವರು ಭಕ್ತಿಯಿಂದ ಕೊಡತಕ್ಕದ್ದು. ಅದರಲ್ಲಿ ಒಂದು ಅಚ್ಚು ದೇವರಿಗೆ, ಉಳಿದದ್ದು ದೇವರ ಪರವಾಗಿ ಸಮಿತಿಗೆ. ತೂಗಲು ಚಿಕ್ಕಯ್ಯನವರನ್ನು ಕರೆಸಿದರು.

ಶ್ರೀರಂಗಪಟ್ಟಣದಲ್ಲಿ ಅರವತ್ತೊಂದು ಬಂತು. ಚಪ್ಪಾಳೆ ಬಿತ್ತು. ಆ ಸಂಜೆಯೇ ಪಾಂಡವಪುರದವರು ದೂರು ಕೊಟ್ಟರು. ಬೆಲ್ಲದ ಸೀಮೆ ನಮ್ಮದು, ಪಟ್ಟಣದವರು ತೂಗಿದಷ್ಟೇ ನಾವೂ ತೂಗಿದರೆ ನಮಗೇನು ಮರ್ಯಾದೆ ಎಂದು. ಸಮಿತಿ ತುರ್ತು ಸಭೆ ಸೇರಿ ನಿಯಮವೊಂದನ್ನು ಹೊರಡಿಸಿತು:

"ನಿಯಮ ೪. ಹಿಂದಿನ ತಾಲ್ಲೂಕಿಗಿಂತ ಮುಂದಿನ ತಾಲ್ಲೂಕಿನಲ್ಲಿ ಸಾಧಕರ ತೂಕ ಕಡಿಮೆ ಬರತಕ್ಕದ್ದಲ್ಲ. ಬಂದಲ್ಲಿ ಸಾಧ್ಯತೆಯು ಕುಸಿದಿದೆ ಎಂದು ಭಾವಿಸತಕ್ಕದ್ದು."

ಮಾರನೆಯ ದಿನದಿಂದ ರವೀಂದ್ರನ ಸಾಧ್ಯತೆಯನ್ನು ಹೆಚ್ಚಿಸುವ ಕಾರ್ಯಕ್ರಮ ಶುರುವಾಯಿತು. ಬೆಳಗಿನ ಜಾವ ದೇವರ ಹುಗ್ಗಿ, ತುಪ್ಪ ತೇಲುವಷ್ಟು. ಮಧ್ಯಾಹ್ನ ಮನುಷ್ಯರ ಬಾಡೂಟ. ಎಲೆಯ ಮುಂದೆ ಕೂತು ಬೇಡವೆಂದರೆ ಮನೆಯವರ ಮುಖ ಬಾಡುತ್ತದೆ. ಆ ಮುಖಗಳನ್ನು ನೋಡಿ ನೋಡಿ ಅವನು ಮುದ್ದೆ ಮುರಿದ. ಪಾಂಡವಪುರದಲ್ಲಿ ಅರವತ್ತನಾಲ್ಕು ಬಂತು. ಸಾಧ್ಯತೆ ಮೂರು ಕಿಲೋ ಏರಿದೆ ಎಂದು ದೇವರಾಜು ಮೈಕಿನಲ್ಲಿ ಘೋಷಿಸಿದರು.

ರವೀಂದ್ರನಿಗೆ ಆ ರಾತ್ರಿ ತನ್ನ ತೊಡೆಗಳು ಯಾರವೋ ಎನಿಸಿತು. ಬೆಳಕು ಹರಿಯುವ ಮೊದಲೇ ಸೈಕಲ್ ಹಿಡಿದು ಮೇಲುಕೋಟೆ ಬೆಟ್ಟ ಹತ್ತತೊಡಗಿದ. ಅರ್ಧ ದಾರಿಯಲ್ಲಿ ಸಮಿತಿಯ ಜೀಪು ಅಡ್ಡ ಬಂತು. ಒಳಗೆ ಮಫ್ಲರ್ ಸುತ್ತಿಕೊಂಡ ದೇವರಾಜು ಇದ್ದರು.

"ಲೇ, ಬೆವರು ಸುರಿಸ್ಬ್ಯಾಡ ಕಣ್ಲಾ. ಅದೂ ಸಮಿತಿ ತೂಕವೇ."

"ಅಣ್ಣ, ಹಗುರ ಇದ್ರೇನೆ ನಂಗೆ ಬೆಟ್ಟ ಹತ್ತಕ್ಕಾಗೋದು."

"ಹಗುರ ಇರೋದು ತರಗೆಲೆ. ಬೆಟ್ಟ ಎಲ್ಲೂ ಓಗಲ್ಲ ಬುಡು. ಮೊದ್ಲು ಕೆ.ಆರ್. ಪೇಟೆ ಮುಗ್ಸು."

ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ಹೋದರು. ಅಂದಿನಿಂದ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಟ್ರಾಕ್ಟರಿನ ಮೇಲೆ ನಿಲ್ಲಿಸಿ, ಊರೂರು ಮೆರವಣಿಗೆ ಮಾಡಿಸಿದರು. ಸೈಕಲ್ಲು ನಾಲ್ಕು ತಾಲ್ಲೂಕನ್ನೂ ಸುತ್ತಿತು. ಅದನ್ನು ತುಳಿಯಬೇಕಾದವನು ಅದರ ಹಿಂದೆ ಕಾರಿನಲ್ಲಿ ಕೂತು ಕೈ ಬೀಸಿದ. ಕೆ.ಆರ್. ಪೇಟೆಯಲ್ಲಿ ಅರವತ್ತೊಂಬತ್ತು ಬಂತು.

ಅಲ್ಲಿಂದ ಮನೆಗೆ ಬಂದವನು ಜಗಲಿಯ ಮೇಲೆ ಕೂತು ತಾಯಿಗೆ ಎಲ್ಲ ಹೇಳಿಕೊಂಡ. ಅಷ್ಟು ಜನ ಅಷ್ಟು ಅಕ್ಕರೆಯಿಂದ ಬಡಿಸುವಾಗ ಹೇಗಮ್ಮ ಬೇಡ ಅನ್ನಲಿ ಎಂದ. ದ್ಯಾವಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಕುರಿ ಸಾಕೋನು ದಿನಾ ಬೆನ್ನು ತಡವಿ ನೋಡ್ತಾನೆ ಮಗ. ಕುರಿ ಅದ್ನ ಪ್ರೀತಿ ಅನ್ಕಂಡಿರ್ತದೆ."

ಆ ಮಾತು ನಾಟಿತು. ಎರಡು ದಿನಕ್ಕೆ ವೈಕುಂಠ ಏಕಾದಶಿ. ರವೀಂದ್ರ ಉಪವಾಸ ಹಿಡಿದ. ದ್ವಾದಶಿಗೆ ಬಿಡಲಿಲ್ಲ, ತ್ರಯೋದಶಿಗೂ ಬಿಡಲಿಲ್ಲ. ವ್ರತ ಎಂದ. ದೇವರ ಹೆಸರಿಗೆ ಸಮಿತಿಯೂ ಎದುರಾಡುವಂತಿರಲಿಲ್ಲ. ಹುಗ್ಗಿಯ ಪಾತ್ರೆಗಳು ಬಾಗಿಲ ತನಕ ಬಂದು ಹಿಂದಿರುಗಿದವು. ತಾಯಿ ಕೊಟ್ಟ ನೀರುಮಜ್ಜಿಗೆ ಕುಡಿದು, ಸೈಕಲ್ಲಿಲ್ಲದ್ದರಿಂದ ಕೆರೆ ಏರಿಯ ಮೇಲೆ ಬೆಳಿಗ್ಗೆ ಸಂಜೆ ಓಡಿದ. ಜನವರಿ ಎಂಟು ನಾಗಮಂಗಲದ ತುಲಾಭಾರ. ಅದು ಮುಗಿದೊಡನೆ ಸೈಕಲ್ ಪಡೆದು, ಸಂಜೆಯ ಕಾರಿಗೆ ವಿಮಾನ ನಿಲ್ದಾಣಕ್ಕೆ ಹೊರಡುವುದೆಂದು ಚೀಲ ಕಟ್ಟಿಟ್ಟ.

ನಾಗಮಂಗಲದಲ್ಲಿ ತಕ್ಕಡಿ ಏರಿ ಕೂತ. ಚಿಕ್ಕಯ್ಯನವರು ಅಚ್ಚು ಜೋಡಿಸಿ, ಮುಳ್ಳು ನೋಡಿ, ಅರವತ್ತಮೂರು ಎಂದು ಕೂಗಿದರು. ರವೀಂದ್ರನಿಗೆ ಅಲ್ಲೇ ಇಳಿದು ಅವರ ಕಾಲಿಗೆ ಬೀಳಬೇಕೆನಿಸಿತು. ಶಾಮಿಯಾನದ ಕೆಳಗೆ ಮಾತ್ರ ಸಾವಿನ ಮನೆಯ ಕಳೆ. ಕೆ.ಆರ್. ಪೇಟೆಗಿಂತ ಆರು ಕಿಲೋ ಕಡಿಮೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ನಮ್ಮ ಹುಡುಗನೇ ನಮ್ಮ ತಾಲ್ಲೂಕಿಗೆ ಹಿಂಗೆ ಮಾಡಬಹುದೇ ಎಂದು ಕೇಳಿದರು.

ದೇವರಾಜು ಎದೆಗುಂದಲಿಲ್ಲ. ಸಾಧಕನ ಗೌರವವೂ ಸಾಧಕನ ತೂಕದಲ್ಲಿ ಸೇರತಕ್ಕದ್ದು ಎಂದು ಅಲ್ಲೇ ನಿಯಮ ಮಾಡಿ ಪೇಟ ತೊಡಿಸಿದರು, ಶಾಲು ಹೊದಿಸಿದರು, ನೆನಪಿನ ಕಾಣಿಕೆಯನ್ನು ಕೈಗಿಟ್ಟರು. ಎಲ್ಲ ಸೇರಿ ಕಾಲು ಕಿಲೋ ಆಯಿತು. ಶಾಲು ತೆಳುವಾಗಿತ್ತು, ಕಾಣಿಕೆ ಒಳಗೆ ಪೊಳ್ಳಾಗಿತ್ತು. ಕೊನೆಗೆ ಟ್ರಾಕ್ಟರಿನ ಮೇಲಿಂದ ಸೈಕಲ್ ಇಳಿಸಿ ಅವನ ತೊಡೆಯ ಮೇಲೆ ಮಲಗಿಸಿದರು. ಅದು ಆರು ಮುಕ್ಕಾಲು ಕಿಲೋ. ಆಚೆ ತಟ್ಟೆಗೆ ಇನ್ನಷ್ಟು ಅಚ್ಚು ಏರಿಸಿದ ಮೇಲೆ ಮುಳ್ಳು ನಡುವಿಗೆ ಬಂತು. ಎಪ್ಪತ್ತು ಎಂದು ಚಿಕ್ಕಯ್ಯನವರು ಕೂಗಿದರು. ಜನ ಸಮಾಧಾನದ ಉಸಿರು ಬಿಟ್ಟರು.

ಆ ಸಂತೋಷದಲ್ಲಿ ವೇದಿಕೆಯ ಮೇಲೆಯೇ ಪ್ರಮಾಣಪತ್ರ ತಯಾರಾಯಿತು. ಸಾಧಕರ ಅಧಿಕೃತ ತೂಕ ಎಪ್ಪತ್ತು ಕಿಲೋ, ಪಶುವೈದ್ಯರ ಮೊಹರು ಸಹಿತ. ನಮ್ಮ ಹುಡುಗನನ್ನು ಹೇಗೆ ನೋಡಿಕೊಂಡಿದ್ದೇವೆಂದು ಯೂರೋಪಿನವರಿಗೂ ತಿಳಿಯಲಿ ಎಂದು ದೇವರಾಜು ಅದರ ಫೋಟೋವನ್ನು ತಂಡದ ಮ್ಯಾನೇಜರಿಗೆ ಕಳಿಸಿಯೂ ಬಿಟ್ಟರು.

ಶಾಮಿಯಾನ ಬಿಚ್ಚುವ ಮೊದಲೇ ಉತ್ತರ ಬಂತು. ನಾಯಕತ್ವವನ್ನು ಬೇರೆಯವನಿಗೆ ಕೊಡಲಾಗಿದೆ, ನೀನು ಬರುವ ಅಗತ್ಯವಿಲ್ಲ ಎಂದಿತ್ತು. ರವೀಂದ್ರ ಫೋನ್ ಮಾಡಿ ನಿಜ ಹೇಳಿದ. ಹಾಗಾದರೆ ನಾಳೆ ಮಧ್ಯಾಹ್ನದೊಳಗೆ ಅದೇ ಸಮಿತಿಯಿಂದ, ಅದೇ ಮೊಹರಿನ ತಿದ್ದುಪಡಿ ಪತ್ರ ಕಳಿಸು ಎಂದ ಮ್ಯಾನೇಜರು.

ರವೀಂದ್ರ ಮೊದಲು ಓಡಿದ್ದು ಚಿಕ್ಕಯ್ಯನವರ ಬಳಿಗೆ. ಅವರು ತಕ್ಕಡಿ ಬಿಚ್ಚಿ ಗೋಣಿಗೆ ಸುತ್ತುತ್ತಿದ್ದರು.

"ಚಿಕ್ಕಯ್ಯಣ್ಣೋ, ನಾನು ಅರವತ್ಮೂರು ಅಂತ ನೀವೇ ಕೂಗಿದ್ರಿ. ಅದ್ನೇ ಬರ್ಕೊಡಿ."

"ತಕ್ಕಡಿ ಮ್ಯಾಲೆ ಎಷ್ಟಿತ್ತೋ ಅಷ್ಟು ಬರ್ದಿವ್ನಿ ಕಣಪ್ಪ. ಅದ್ರಾಗೆ ನೀನೆಷ್ಟು, ಸೈಕಲ್ಲೆಷ್ಟು ಅಂತ ಬರ್ಯಕ್ಕೆ ಪುಸ್ತಕದಾಗೆ ಕಾಲಂ ಇಲ್ಲ."

ಸಮಿತಿಯಂತೂ ಪತ್ರ ಕೊಡಲು ಸಿದ್ಧವಾಗಿಯೇ ಇತ್ತು. ಆದರೆ ತಿದ್ದುಪಡಿಗೆ ಮರು ತುಲಾಭಾರ ಆಗಬೇಕು. ಮರು ತುಲಾಭಾರದಲ್ಲಿ, ನಿಯಮ ನಾಲ್ಕರಂತೆ, ಎಪ್ಪತ್ತಕ್ಕಿಂತ ಕಡಿಮೆ ಬರುವಂತಿಲ್ಲ. ಮಧ್ಯಾಹ್ನ ಕಳೆಯಿತು.

ಆಮೇಲೆ ಸಮಿತಿಯ ವಿಶೇಷ ಸಭೆ ನಡೆದು ಅಂತಿಮ ವರದಿ ಅಂಗೀಕಾರವಾಯಿತು. ಸ್ಪರ್ಧೆಗೆ ಹೋದವನು ಸೋಲಬಹುದು. ಸೋತರೆ ಸಾಧ್ಯತೆ ಹೋಯಿತು. ಹೋಗದವನ ಸಾಧ್ಯತೆಗೆ ಯಾವ ಭಂಗವೂ ಇಲ್ಲ. ಆದ್ದರಿಂದ ಶ್ರೀ ರವೀಂದ್ರರನ್ನು ಶಾಶ್ವತ ಸಂಭಾವ್ಯ ವಿಜೇತರೆಂದು ಘೋಷಿಸಿ, ಪ್ರತಿ ವರ್ಷ ನಾಲ್ಕು ತಾಲ್ಲೂಕಿನಲ್ಲೂ ತುಲಾಭಾರ ನಡೆಸತಕ್ಕದ್ದು. ಆಲೆಮನೆಯವರೂ ಒಪ್ಪಿದರು. ಒಪ್ಪದಿದ್ದರೆ ಭಕ್ತಿಯಿಲ್ಲ ಎಂದಾಗುತ್ತಿತ್ತು. ದ್ಯಾವಮ್ಮನಿಗೆ ಸಂಭಾವ್ಯ ವಿಜೇತರ ತಾಯಿ ಎಂದು ಸೀರೆ ಕೊಟ್ಟರು. ಆಕೆ ಮಗನ ಮುಖವನ್ನೊಮ್ಮೆ ನೋಡಿ ಸೀರೆ ಮಡಿಸಿಟ್ಟುಕೊಂಡಳು.

ಆ ಮೂರು ವಾರಗಳ ಪಂದ್ಯ ನಡೆಯುತ್ತಿದ್ದಾಗ ರವೀಂದ್ರ ಎಂಬತ್ತನಾಲ್ಕು ಕಿಲೋ ಇದ್ದ. ಒಂದು ಸಂಜೆ ಯಾರದೋ ಮನೆಯ ಊಟದಲ್ಲಿ ಫೋನನ್ನು ಎಲೆಯ ಪಕ್ಕ ಒರಗಿಸಿ, ಅವನ ಜಾಗಕ್ಕೆ ಹೋದವನು ಹಿಮದ ನಡುವೆ ಬೆಟ್ಟ ಹತ್ತುವುದನ್ನು ನೋಡುತ್ತಿದ್ದನಂತೆ. ಪಕ್ಕದಲ್ಲಿದ್ದ ದೇವರಾಜು, ಎಂಥ ಸಣಕಲ ನೋಡ್ಲಾ, ಅವನೂರಲ್ಲಿ ಅವನಿಗೆ ಯಾರೂ ಇಲ್ಲ ಅಂತ ಕಾಣುತ್ತೆ ಎಂದರು. ರವೀಂದ್ರ ಬಹಳ ಹೊತ್ತು ನೋಡಿದ. ಆಮೇಲೆ ಫೋನ್ ಮಗುಚಿಟ್ಟು, ಸಾರಿನವನನ್ನು ಕರೆದು, ಇನ್ನೊಂದು ಸೌಟು ಬುಡಪ್ಪ ಎಂದ.

ಚಿಕ್ಕಯ್ಯನವರು ಹೇಳಿದ್ದು ಇಷ್ಟು. ಕೇಳಿದವರು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮೂರಿನಲ್ಲೂ ಬೆಟ್ಟ ಹತ್ತಬಲ್ಲವರು ಒಬ್ಬರಾದರೂ ಇರುತ್ತಾರೆ, ಅವರಿಗೆ ಹೇಳಿ. ಊಟಕ್ಕೆ ಕೂರಿಸುವ ಮೊದಲು ಹೇಳಿ.